ತೊಗರಿ ಒಣಗಿದ್ದೆಲ್ಲ ನೆಟೆಯಲ್ಲ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಕಾಯಿ ಕಟ್ಟುವ ಹೊತ್ತಿಗೆ ತೊಗರಿ ನಿಂತಲ್ಲೇ ಒಣಗುತ್ತಿದೆ. ಎರಡು ಸಲ ಎಣ್ಣೆ (ಔಷಧಿ) ಹೊಡೆದರೂ ನಿಲ್ಲಲಿಲ್ಲ. ಇದು ನೆಟೆ ರೋಗವೇ? (ಆಳಂದದ ಓದುಗರು)

ಗಿಡ ನೋಡದೆ ಹೇಳಲಾಗದು, ಆದರೆ ನೀವೇ ಪತ್ತೆ ಹಚ್ಚಬಹುದು. ಪೂರ್ತಿ ಸತ್ತ ಗಿಡ ಬೇಡ. ಅರ್ಧ ಬಾಡಿದ ಗಿಡವನ್ನು ಸಲಿಕೆಯಿಂದ ಅಗೆದು, ಬುಡದ ಕಾಂಡವನ್ನು ಉದ್ದಕ್ಕೆ ಸೀಳಿ. ಒಳಗೆ ಕಂದು ಅಥವಾ ಕಪ್ಪು ಗೆರೆಗಳಿದ್ದು, ಹೊರಗೆ ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ ಏರಿದ್ದರೆ ಅದು ನೆಟೆ. ಕಾರಣ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ. ಒಳಗೆ ಗೆರೆಗಳಿಲ್ಲದೆ, ತಾಯಿಬೇರು ಒಣಕಲಾಗಿ ಕಟ್ಟೆಂದು ಮುರಿದು, ಸಿಪ್ಪೆ ಸುಲಿದು ಬಂದು, ಅದರಡಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಂಡರೆ ಒಣ ಬೇರು ಕೊಳೆ. ಅದನ್ನು ತರುವುದು ಮ್ಯಾಕ್ರೊಫೊಮಿನಾ ಎಂಬ ಇನ್ನೊಂದು ಶಿಲೀಂಧ್ರ. ನೀರು ನಿಂತ ತಗ್ಗಿನಲ್ಲಿ ಮಾತ್ರ ಗಿಡ ಸತ್ತು, ಕಾಂಡದ ಮೇಲೆ ಕಪ್ಪು ಗಾಯವಾಗಿ ಅಲ್ಲಿಯೇ ಮುರಿಯುತ್ತಿದ್ದರೆ ಫೈಟಾಫ್ತೊರಾ ಅಂಗಮಾರಿ.

ಎಣ್ಣೆ ಏಕೆ ಕೆಲಸ ಮಾಡಲಿಲ್ಲ? ನೆಟೆಯ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರು ಸಾಗಿಸುವ ನಾಳದಲ್ಲಿ ಕೂರುತ್ತದೆ. ಗಿಡದೊಳಗೆ ಹರಿಯುವ ಶಿಲೀಂಧ್ರನಾಶಕಗಳಲ್ಲಿ ಬಹುತೇಕ ನೀರಿನೊಂದಿಗೆ ಮೇಲಕ್ಕೇ ಹೋಗುತ್ತವೆ. ಎಲೆಯ ಮೇಲೆ ಹೊಡೆದದ್ದು ಬೇರಿಗೆ ಇಳಿಯುವುದಿಲ್ಲ. ಬಾಡು ಕಂಡ ಮೇಲೆ ಆ ಗಿಡಕ್ಕೆ ಖರ್ಚು ಮಾಡುವುದೆಂದರೆ ದುಡ್ಡನ್ನು ಗಾಳಿಗೆ ತೂರಿದಂತೆ.

ಮಾಡುವುದೇನಿದ್ದರೂ ಬಿತ್ತುವ ಮೊದಲೇ. ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ ಟ್ರೈಕೊಡರ್ಮಾವನ್ನು ಕಿಲೋ ಬೀಜಕ್ಕೆ 4 ಗ್ರಾಂನಂತೆ ಲೇಪಿಸಿ ನೆರಳಲ್ಲಿ ಆರಿಸಿ. ಎಕರೆಗೆ ಇನ್ನೊಂದು ಕಿಲೋವನ್ನು ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ, ತೇವವಿರುವ ಮಣ್ಣಿಗೆ ಕೊಡಿ. ಅದೇ ಬೀಜಕ್ಕೆ ಕಾರ್ಬೆಂಡಜಿಮ್ ಶಿಲೀಂಧ್ರನಾಶಕ ಹಚ್ಚಬೇಡಿ, ಅದು ಟ್ರೈಕೊಡರ್ಮಾವನ್ನೇ ಕೊಲ್ಲುತ್ತದೆ. ನಮ್ಮ ಭಾಗದಲ್ಲಿ ಇವೆರಡನ್ನೂ ಒಟ್ಟಿಗೆ ಮಾರುವ ಅಂಗಡಿಗಳಿಗೇನೂ ಕಡಿಮೆಯಿಲ್ಲ.

ರೋಗದ ಹೆಸರು ತಿಳಿಯುವುದು ಮುಖ್ಯ ಅನ್ನುವುದು ಪೈರು ಬದಲಿಸುವಾಗ ಗೊತ್ತಾಗುತ್ತದೆ. ನೆಟೆಯ ಶಿಲೀಂಧ್ರ ತೊಗರಿ ಕಸದಲ್ಲಿ ಸುಮಾರು ಮೂರು ವರ್ಷ ಬದುಕಿರುತ್ತದೆ. ಜೋಳವನ್ನು ಅಂತರ ಬೆಳೆಯಾಗಿಯೋ ಸರದಿಯಲ್ಲೋ ಹಾಕಿದರೆ ಅದರ ಹಾವಳಿ ತಗ್ಗುತ್ತದೆ. ಮ್ಯಾಕ್ರೊಫೊಮಿನಾಕ್ಕೆ ಈ ಉಪಾಯ ನಡೆಯದು. ಅದು ಕಡಲೆಯ ಬೇರನ್ನೂ ಕೊಳೆಸುತ್ತದೆ, ಹಿಂಗಾರಿ ಜೋಳದ ಕಾಂಡವನ್ನೂ ಟೊಳ್ಳು ಮಾಡುತ್ತದೆ. ಬಿಸಿಲು, ಒಣ ಮಣ್ಣು ಎರಡೂ ಕೂಡಿದಾಗ ಅದು ಹೆಚ್ಚುತ್ತದೆ. ಅಲ್ಲಿ ಉಪಯೋಗಕ್ಕೆ ಬರುವುದು ಹೂ-ಕಾಯಿ ಹಂತದಲ್ಲಿ ಒಂದು ನೀರು ಮತ್ತು ಮಣ್ಣಿನಲ್ಲಿ ಸಾಕಷ್ಟು ಸಾವಯವ ಗೊಬ್ಬರ. ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದ ಟಿಎಸ್-3ಆರ್ ನೆಟೆ ತಡೆಯುವ ತಳಿ ನಿಜ. ಆದರೆ ನೆಟೆ ತಡೆದ ತಳಿ ಬೇರು ಕೊಳೆಯನ್ನೂ ತಡೆಯಬೇಕೆಂದಿಲ್ಲ.

ಗಿಡ ಹಸಿರಾಗಿ ಪೊದೆಯಂತೆ ಬೆಳೆದಿದೆ, ಒಂದು ಹೂವೂ ಇಲ್ಲ. ಯೂರಿಯಾ ಹೆಚ್ಚಾಯಿತೇ? (ಚಿತ್ತಾಪುರದ ಓದುಗರು)

ಎಲೆ ಸಣ್ಣದಾಗಿ, ತಿಳಿ-ಕಡು ಹಸಿರಿನ ಮಚ್ಚೆಗಳಿದ್ದರೆ ಯೂರಿಯಾವನ್ನು ದೂರಬೇಡಿ, ಅದು ಗೊಡ್ಡು ರೋಗ. ಭಾರತದಲ್ಲಿ 1931ರಲ್ಲೇ ವರದಿಯಾದ ಈ ರೋಗದ ಹಿಂದಿನ ವೈರಸ್ ಗುರುತು ಸಿಕ್ಕಿದ್ದು 2000ದ ಸುಮಾರಿಗೆ. ಹರಡುವುದು ಬರಿಗಣ್ಣಿಗೆ ಕಾಣದ, ಸುಮಾರು 0.2 ಮಿ.ಮೀ. ಉದ್ದದ ಅಸೆರಿಯಾ ನುಸಿ. ಗಾಳಿಯಲ್ಲಿ ತೇಲಿ ಬರುತ್ತದೆ. ಬೀಜದಿಂದ ಬರುವುದಿಲ್ಲ. ರೋಗ ಹಿಡಿದ ಗಿಡ ಮತ್ತೆ ಸರಿಹೋಗದು. ಬಿತ್ತಿದ 45 ದಿನದೊಳಗೆ ಕಂಡ ಗಿಡಗಳನ್ನು ಕಿತ್ತು ಸುಡಿ. ಬದುವಿನಲ್ಲಿ ತಾನಾಗಿ ಹುಟ್ಟಿದ ತೊಗರಿ, ಕೊಯ್ದ ಮೇಲೆ ಚಿಗುರಿದ ಕೂಳೆ, ಇವೇ ಬೇಸಿಗೆಯಲ್ಲಿ ನುಸಿಯ ತವರು. ವೈರಸ್‌ನ ತಳಿಯೂ ಒಂದೇ ಅಲ್ಲ: ಹೈದರಾಬಾದ್ ಬಳಿಯ ಪಟಾನ್‌ಚೆರು ಕಡೆಯದು ಸೌಮ್ಯ, ಬೆಂಗಳೂರಿನದು ಉಗ್ರ. ಒಂದು ಕಡೆ ತಡೆದ ತೊಗರಿ ಇನ್ನೊಂದು ಕಡೆ ಸೋಲುವುದು ಇದರಿಂದಲೇ.

45 ಡಿಗ್ರಿ ಬಿಸಿಲಲ್ಲೂ ಬೆಳೆಯುವ ತೊಗರಿ ಬಂದಿದೆಯಂತೆ. ಬೇಸಿಗೆಯಲ್ಲಿ ಹಾಕಬಹುದೇ? (ಶಹಾಪುರದ ಓದುಗರು)

ನೀವು ಕೇಳುತ್ತಿರುವುದು ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ 2025ರಲ್ಲಿ ಪ್ರಕಟಿಸಿದ ಐಸಿಪಿವಿ 25444. ಸುಮಾರು 125 ದಿನದ ಬೆಳೆ. ಇದರ ವಿಶೇಷ ಬಿಸಿಲು ತಡೆಯುವುದಷ್ಟೇ ಅಲ್ಲ. ಸಾಮಾನ್ಯ ತೊಗರಿ ಹಗಲು ಕಿರಿದಾದ ಮೇಲೆ ಹೂ ಬಿಡುತ್ತದೆ, ಜೂನ್‌ನಲ್ಲಿ ಬಿತ್ತಿದ್ದು ಹೂವಿಗೆ ಮಳೆಗಾಲ ಮುಗಿಯುವವರೆಗೆ ಕಾಯುವುದು ಅದಕ್ಕೇ. ಈ ತಳಿಗೆ ಹಗಲಿನ ಉದ್ದದ ಹಂಗಿಲ್ಲ. ಇಷ್ಟು ಬೇಗ ತಯಾರಾಗಿದ್ದು ವೇಗದ ತಳಿ ಅಭಿವೃದ್ಧಿಯಿಂದ: ಬೆಳಕು, ಉಷ್ಣತೆ ನಿಯಂತ್ರಿಸಿ ವರ್ಷಕ್ಕೆ ಒಂದರ ಬದಲು ನಾಲ್ಕು ಪೀಳಿಗೆ ತೆಗೆಯುತ್ತಾರೆ.

ಹೆಕ್ಟೇರಿಗೆ 2 ಟನ್, ಅಂದರೆ ಎಕರೆಗೆ ಸುಮಾರು 8 ಕ್ವಿಂಟಲ್ ಎಂದು ಹೇಳಿದ್ದು ಪ್ರಯೋಗದ ಲೆಕ್ಕ. ಬಿಸಿಲು ತಡೆದರೂ ನೀರು ಬೇಕೇಬೇಕು. ನಾರಾಯಣಪುರ ಕಾಲುವೆ ಬೇಸಿಗೆಯಲ್ಲಿ ನಿಂತರೆ ಬೋರು ಇದ್ದವರಿಗೆ ಮಾತ್ರ ಮಾತು. ಬಿಸಿಲು ತಡೆಯುತ್ತದೆಂದ ಮಾತ್ರಕ್ಕೆ ನೆಟೆ, ಗೊಡ್ಡು ತಡೆಯುತ್ತದೆಂದು ತಿಳಿಯಬೇಡಿ. ಮೇಲಾಗಿ ಬೇಸಿಗೆಯಲ್ಲೂ ಹೊಲ ಹಸಿರಿದ್ದರೆ ನುಸಿಗೆ ವರ್ಷವಿಡೀ ಆಸರೆ, ಮುಂಗಾರಿನ ಪಕ್ಕದ ಹೊಲಕ್ಕೂ ಅದೇ ತೊಂದರೆ. ಹಾಕುವುದಾದರೆ ಮೊದಲು ಹತ್ತು ಗುಂಟೆ ಸಾಕು. ನೀಲಿ ಚೀಟಿಯ ಪ್ರಮಾಣಿತ ಬೀಜವಲ್ಲದೆ 'ಅದೇ ತಳಿ' ಎಂದು ಚೀಲದಲ್ಲಿ ಮಾರುವುದನ್ನು ಕೊಳ್ಳಬೇಡಿ.

ರೋಗದ ಗಿಡವನ್ನು ಪರೀಕ್ಷೆಗೆ ಹೇಗೆ ಒಯ್ಯಬೇಕು? (ಭಾಲ್ಕಿಯ ಓದುಗರು)

ಅರ್ಧ ಬಾಡಿದ ನಾಲ್ಕೈದು ಗಿಡಗಳನ್ನು ಕೀಳದೆ ಅಗೆಯಿರಿ, ಕಿತ್ತರೆ ಸಣ್ಣ ಬೇರು ಮಣ್ಣಲ್ಲೇ ಉಳಿಯುತ್ತದೆ. ಜೊತೆಗೊಂದು ಆರೋಗ್ಯದ ಗಿಡವೂ ಇರಲಿ. ಹಳೆ ಪತ್ರಿಕೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಬೇರೆ ಬೂಷ್ಟು ಬೆಳೆದರೆ ಪರೀಕ್ಷೆ ಕೆಟ್ಟಿತು. ತಳಿ, ಬಿತ್ತಿದ ದಿನ, ಹಿಂದಿನ ಪೈರು, ಹೊಡೆದ ಎಣ್ಣೆಯ ಹೆಸರು ಬರೆದಿಟ್ಟು ಅದೇ ದಿನ ಬೀದರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಿ.