ಹಳೇ ವಿಂಡೋಸ್ ಫೈಲು ಅಸಲಿಯಾ, ಯಾರೋ ಕೈಯಾಡಿಸಿದ್ದಾ?

ಪ್ರಶ್ನೆ: ಸಾಗರದಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ ಎಲ್ಲಾ ಪೇಜ್‌ಮೇಕರ್‌ನಲ್ಲಿ, ಹಳೇ ನುಡಿ ಫಾಂಟ್‌ನಲ್ಲೇ ಮಾಡುತ್ತೇವೆ. ಈ ಮಳೆಗಾಲದಲ್ಲಿ ವಿಂಡೋಸ್ 7 ಇದ್ದ ಕಂಪ್ಯೂಟರ್‌ನ ಹಾರ್ಡ್‌ಡಿಸ್ಕ್ ಕೈಕೊಟ್ಟಿತು. ನಮ್ಮ ಪ್ರಿಂಟರಿಗೆ ಹೊಸ ವಿಂಡೋಸ್‌ನ ಡ್ರೈವರ್ ಸಿಗುತ್ತಿಲ್ಲ, ಹಾಗಾಗಿ 7 ಅನ್ನೇ ಮತ್ತೆ ಹಾಕಬೇಕು. ಪರಿಚಯದ ಹುಡುಗನೊಬ್ಬ ಇಂಟರ್ನೆಟ್‌ನಿಂದ ಇಳಿಸಿದ ಐಎಸ್‌ಒ ಫೈಲನ್ನು (ಇನ್‌ಸ್ಟಾಲ್ ಡಿವಿಡಿಯ ಪೂರ್ತಿ ನಕಲು) ಪೆನ್‌ಡ್ರೈವ್‌ನಲ್ಲಿ ಕೊಟ್ಟಿದ್ದಾನೆ. ಜೊತೆಗೆ ಒಂದು ಟೆಕ್ಸ್ಟ್ ಫೈಲಿನಲ್ಲಿ ಉದ್ದದ ನಂಬರ್ ಇದೆ. ಅದು ತಾಳೆಯಾದರೆ ಫೈಲು ಒರಿಜಿನಲ್ ಅಂತಾನೆ. ನಂಬಬಹುದಾ ಸರ್?

ಉತ್ತರ: ಹುಡುಗನನ್ನು ಬೇಕಾದರೆ ನಂಬಿ, ಆ ಟೆಕ್ಸ್ಟ್ ಫೈಲನ್ನು ಮಾತ್ರ ನಂಬಬೇಡಿ.

ಆ ಉದ್ದದ ನಂಬರಿಗೆ ಹ್ಯಾಶ್ ಅನ್ನುತ್ತಾರೆ. ಫೈಲಿನ ಪ್ರತಿ ಬೈಟನ್ನೂ ಓದಿ ಲೆಕ್ಕ ಹಾಕಿದಾಗ ಬರುವ ಸಂಖ್ಯೆ ಅದು. ಮೂರು ಜಿಬಿ ಫೈಲಿನಲ್ಲಿ ಎಲ್ಲೋ ಒಂದು ಬೈಟ್ ಬದಲಾದರೂ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಆದರೆ ಈ ಲೆಕ್ಕವನ್ನು ಯಾರು ಬೇಕಾದರೂ ಹಾಕಬಹುದು. ಫೈಲಿನೊಳಗೆ ವೈರಸ್ ತುರುಕಿದವನು ಅದಾದ ಮೇಲೆ ಹೊಸದಾಗಿ ಹ್ಯಾಶ್ ತೆಗೆದು, ಅದನ್ನೇ ಜೊತೆಗಿಟ್ಟರೆ ತಾಳೆಯಾಗದೆ ಇರುತ್ತದಾ? ಪೆನ್‌ಡ್ರೈವ್‌ಗೆ ಕಾಪಿ ಆಗುವಾಗ ಫೈಲು ಕೆಟ್ಟಿಲ್ಲ ಅನ್ನುವುದಷ್ಟೇ ಇದರಿಂದ ಗೊತ್ತಾಗುವುದು. ಫೈಲು ಕೊಟ್ಟವರ ಹತ್ತಿರವೇ ಹ್ಯಾಶ್ ಕೇಳಬಾರದು. ಅದು ಬೇರೆ ಕಡೆಯಿಂದ ಬರಬೇಕು.

ಎಲ್ಲಿಂದ ತರುವುದು ಅನ್ನುವುದೇ ಇಲ್ಲಿ ಕಷ್ಟದ ಭಾಗ. ವಿಂಡೋಸ್ 10, 11ಕ್ಕಾದರೆ ಮೈಕ್ರೋಸಾಫ್ಟ್‌ನ ಡೌನ್‌ಲೋಡ್ ಪುಟದಲ್ಲೇ ಹ್ಯಾಶ್ ಪಟ್ಟಿ ಕೊಡುತ್ತಾರೆ. 7ಕ್ಕೆ 2020ರ ಜನವರಿ 14ಕ್ಕೇ ಬೆಂಬಲ ನಿಂತಿತು, ಸಾಮಾನ್ಯ ಗ್ರಾಹಕರಿಗೆ ಡೌನ್‌ಲೋಡ್ ಪುಟವೂ ಈಗಿಲ್ಲ. ಆದರೆ ಮೈಕ್ರೋಸಾಫ್ಟ್ ತನ್ನ ಎಂಎಸ್‌ಡಿಎನ್ (ಸಾಫ್ಟ್‌ವೇರ್ ತಯಾರಿಸುವವರಿಗಾಗಿ ಇದ್ದ ಸೇವೆ) ಚಂದಾದಾರರಿಗೆ ಪ್ರತಿ ಐಎಸ್‌ಒದ ಪೂರ್ತಿ ಹೆಸರಿನ ಜೊತೆ ಶಾ-1 ಹ್ಯಾಶ್ ಕೊಡುತ್ತಿತ್ತು. ಹ್ಯಾಶ್ ಲೆಕ್ಕ ಹಾಕುವ ಹಲವು ವಿಧಾನಗಳಲ್ಲಿ ಶಾ-1 ಒಂದು. ಅದನ್ನು ಎಷ್ಟೋ ಜನ ಎಷ್ಟೋ ಕಡೆ ನಕಲು ಮಾಡಿಟ್ಟಿದ್ದಾರೆ. ನಮಗೆ ಉಪಯೋಗಕ್ಕೆ ಬರುವುದು ಅದೇ.

ಮೊದಲು ನಿಮ್ಮ ಫೈಲಿನ ಹ್ಯಾಶ್ ನೀವೇ ತೆಗೆಯಿರಿ. ಚೆನ್ನಾಗಿರುವ ಇನ್ನೊಂದು ಕಂಪ್ಯೂಟರ್‌ನಲ್ಲಿ ಸೆವೆನ್-ಜಿಪ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು, ಐಎಸ್‌ಒ ಮೇಲೆ ರೈಟ್ ಕ್ಲಿಕ್ ಮಾಡಿ 'ಸಿಆರ್‌ಸಿ ಶಾ' ಅನ್ನುವಲ್ಲಿ 'ಶಾ-1' ಆರಿಸಿ. ವಿಂಡೋಸ್ 11 ಆದರೆ 'ಶೋ ಮೋರ್ ಆಪ್ಶನ್ಸ್' ಒತ್ತಿದ ಮೇಲೆ ಕಾಣಿಸಬಹುದು. ಸ್ವಲ್ಪ ಹೊತ್ತಿನ ಮೇಲೆ 40 ಅಕ್ಷರ-ಅಂಕಿಗಳ ಸಾಲು ಬರುತ್ತದೆ. (ಬಂದದ್ದು 32 ಇದ್ದರೆ ಅದು ಎಂಡಿ5, 64 ಇದ್ದರೆ ಶಾ-256. ಒಂದರ ಜೊತೆ ಇನ್ನೊಂದನ್ನು ತಾಳೆ ನೋಡಿ 'ಸರಿಯಿಲ್ಲ' ಅಂತ ಗಾಬರಿಯಾಗುವವರು ಜಾಸ್ತಿ.)

ಈಗ ಆ ಸಾಲನ್ನೇ ಕಾಪಿ ಮಾಡಿ ಗೂಗಲ್‌ನಲ್ಲಿ ಹುಡುಕಿ. ಫೈಲು ಅಸಲಿಯಾಗಿದ್ದರೆ, ಒಂದಕ್ಕೊಂದು ಸಂಬಂಧವಿಲ್ಲದ ಹಲವು ಪುಟಗಳಲ್ಲಿ, ಹತ್ತು-ಹನ್ನೆರಡು ವರ್ಷ ಹಳೆಯವುಗಳಲ್ಲೂ, ಅದೇ ಹ್ಯಾಶ್ ಅದೇ ಮೂಲ ಹೆಸರಿನ ಜೊತೆ ಸಿಗುತ್ತದೆ. ಇಂಗ್ಲಿಷ್ ಆವೃತ್ತಿಯ ಎಸ್‌ಪಿ-1 (ಸರ್ವಿಸ್ ಪ್ಯಾಕ್ 1, ಅಂದರೆ ಮೈಕ್ರೋಸಾಫ್ಟ್‌ನ ತಿದ್ದುಪಡಿಗಳ ಕಂತೆ) ಸೇರಿದ 64 ಬಿಟ್ ಫೈಲಿನ ಗಾತ್ರ ಸುಮಾರು 3.09 ಜಿಬಿ, 32 ಬಿಟ್‌ನದ್ದು ಸುಮಾರು 2.39 ಜಿಬಿ. ಅದನ್ನೂ ನೋಡಿಕೊಳ್ಳಿ. ಹ್ಯಾಶ್ ಸಿಕ್ಕಿದ್ದು ಒಂದೇ ಸೈಟಿನಲ್ಲಿ, ಆ ಸೈಟೇ ಫೈಲನ್ನೂ ಹಂಚುತ್ತಿದೆ ಅಂದರೆ ಅದು ಸಾಕ್ಷಿಯಲ್ಲ, ಕಕ್ಷಿದಾರ. ಏನೂ ಸಿಗಲೇ ಇಲ್ಲವಾದರೆ ಆ ಫೈಲಿನ ಆಸೆ ಬಿಟ್ಟುಬಿಡಿ.

ತಾಳೆ ನೋಡುವಾಗ ಮೊದಲ ನಾಲ್ಕು, ಕೊನೆಯ ನಾಲ್ಕು ನೋಡಿ ಮುಗಿಸಬೇಡಿ. ಒಂದು ಹ್ಯಾಶನ್ನು ನೋಟ್‌ಪ್ಯಾಡ್‌ನಲ್ಲಿ ಹಾಕಿ, ಕಂಟ್ರೋಲ್-ಎಫ್ ಒತ್ತಿ ಇನ್ನೊಂದನ್ನು ಪೇಸ್ಟ್ ಮಾಡಿ. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಕಣ್ಣಿಗೆ ಕೆಲಸವೇ ಇಲ್ಲ.

'ಶಾ-1 ಮುರಿದುಹೋಗಿದೆಯಲ್ಲ' ಅಂತ ತಿಳಿದವರು ಕೇಳಬಹುದು. ನಿಜ, 2017ರ ಫೆಬ್ರುವರಿಯಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆಯವರು ಒಂದೇ ಶಾ-1 ಬರುವ ಎರಡು ಬೇರೆ ಬೇರೆ ಪಿಡಿಎಫ್ ಮಾಡಿ ತೋರಿಸಿದರು. ಆದರೆ ಅವರು ಎರಡು ಫೈಲನ್ನೂ ತಾವೇ ಹೊಸದಾಗಿ ತಯಾರಿಸಿದ್ದು. ಎಂದೋ ಪ್ರಕಟವಾದ ಒಂದು ಹ್ಯಾಶಿಗೆ ಸರಿಯಾಗಿ ಹೊಂದುವ ಇನ್ನೊಂದು ಫೈಲನ್ನು ಮಾಡಿದವರು ಇಲ್ಲ. ನಿಮ್ಮ ಕೆಲಸಕ್ಕೆ ಶಾ-1 ಸಾಕು.

ಇನ್ನೊಂದು ಕಡೆ ಎಡವುವವರಿದ್ದಾರೆ. ಐಎಸ್‌ಒ ತೆರೆದು, 'ಸೆಟಪ್' ಫೈಲಿನ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ (ತಯಾರಿಸಿದವರು ಫೈಲಿಗೆ ಹಾಕಿದ ಸಹಿ) ನೋಡುತ್ತಾರೆ. ಮೈಕ್ರೋಸಾಫ್ಟ್ ಹೆಸರು ಕಂಡ ಕೂಡಲೇ ಸಮಾಧಾನ. ಆ ಸಹಿ ಆ ಒಂದು ಫೈಲಿಗೆ ಮಾತ್ರ. ನಿಜವಾದ ವಿಂಡೋಸ್ ಇರುವುದು 'ಸೋರ್ಸಸ್' ಫೋಲ್ಡರಿನ 'ಇನ್‌ಸ್ಟಾಲ್' ಎಂಬ ದೊಡ್ಡ ವಿಮ್ ಫೈಲಿನಲ್ಲಿ. ಅದನ್ನು ಬಿಚ್ಚಿ, ಬೇಕಾದ್ದು ಸೇರಿಸಿ, ಮತ್ತೆ ಕಟ್ಟಿಟ್ಟರೂ ಸೆಟಪ್‌ನ ಸಹಿಗೆ ಏನೂ ಆಗುವುದಿಲ್ಲ. ಮೂಟೆ ಬಾಯಲ್ಲಿ ಒಳ್ಳೇ ರಾಶಿ ಅಡಿಕೆ ಕಾಣುತ್ತದೆ, ತಳದಲ್ಲಿ ಗೊರಬಲು ಇದ್ದರೆ ಯಾರಿಗೆ ಗೊತ್ತು?

'ಪ್ರೀ-ಆಕ್ಟಿವೇಟೆಡ್', 'ಲೈಟ್', 'ಆಲ್ ಇನ್ ಒನ್' ಅಂತ ಹೆಸರಿರುವ ಯಾವುದೂ ಒರಿಜಿನಲ್ ಅಲ್ಲ, ಹ್ಯಾಶ್ ತೆಗೆಯುವ ಶ್ರಮವೂ ಬೇಡ. ಕೆಲವರು ಎಲ್ಲಾ ಎಡಿಷನ್ ಆರಿಸಲು ಸಿಗಲಿ ಅಂತ 'ಇಐ' ಹೆಸರಿನ ಸಣ್ಣ ಕಾನ್ಫಿಗ್ ಫೈಲೊಂದನ್ನು ಅಳಿಸಿರುತ್ತಾರೆ. ಕೆಟ್ಟ ಉದ್ದೇಶವಿಲ್ಲ, ಆದರೂ ಹ್ಯಾಶ್ ಬದಲಾಗುತ್ತದೆ. ಒಳ್ಳೆಯದಕ್ಕೆ ತಿದ್ದಿದ್ದಾ, ಕೆಟ್ಟದ್ದಕ್ಕಾ ಅಂತ ಹೊರಗಿನಿಂದ ಹೇಳಲು ಆಗುವುದಿಲ್ಲ. ಅಂಥದ್ದನ್ನು ನಾನಂತೂ ಹಾಕುವುದಿಲ್ಲ.

ಇದೆಲ್ಲದಕ್ಕೂ ಮುಂಚೆ ಅಟ್ಟ, ಬೀರು ಒಮ್ಮೆ ಹುಡುಕಿ. ಕಂಪ್ಯೂಟರ್ ಬ್ರಾಂಡೆಡ್ ಆಗಿದ್ದರೆ ತಂದಾಗ ಬಂದ ರಿಕವರಿ ಡಿವಿಡಿ ಅಲ್ಲೆಲ್ಲೋ ಇರಬಹುದು. ಅದು ಸಿಕ್ಕರೆ ಈ ತಲೆನೋವೇ ಇಲ್ಲ. ಕ್ಯಾಬಿನೆಟ್ ಮೇಲಿನ ಸ್ಟಿಕರ್‌ನಲ್ಲಿರುವ ಕೀ ಯಾವ ಎಡಿಷನ್ನಿನದು ಅಂತಲೂ ನೋಡಿ. ನಮ್ಮಲ್ಲಿ ಹೋಮ್ ಬೇಸಿಕ್ ತುಂಬಾ ಮಾರಾಟವಾಗಿತ್ತು, ಆ ಕೀ ಪ್ರೊಫೆಷನಲ್‌ಗೆ ಹಿಡಿಯುವುದಿಲ್ಲ. ಇನ್ನು ಅಸಲಿ 7 ಹಾಕಿದರೂ ಆ ಯಂತ್ರಕ್ಕೆ ನೆಟ್ ಕೊಡಬೇಡಿ. ಫೈಲುಗಳನ್ನು ಬೇರೆ ಕಂಪ್ಯೂಟರಲ್ಲಿ ಸ್ಕ್ಯಾನ್ ಮಾಡಿ ಪೆನ್‌ಡ್ರೈವ್‌ನಲ್ಲಿ ತನ್ನಿ.

ಪ್ರಶ್ನೆ: ಶಿವಮೊಗ್ಗದಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತೇನೆ. ಹಳೇ ಐಮ್ಯಾಕ್‌ಗೆ ಆ್ಯಪಲ್‌ನ ಹಳೇ ಆಪರೇಟಿಂಗ್ ಸಿಸ್ಟಂ ಎಲ್ ಕ್ಯಾಪಿಟನ್ ಹಾಕಲು ಹೋದರೆ 'ಇನ್‌ಸ್ಟಾಲರ್ ಹಾಳಾಗಿದೆ' ಅನ್ನುತ್ತದೆ. ನಾನೇ ಆ್ಯಪ್ ಸ್ಟೋರ್‌ನಿಂದ ಹಿಂದೆ ಇಳಿಸಿಟ್ಟಿದ್ದು. ಅದು ಹೇಗೆ ನಕಲಿಯಾಗುತ್ತದೆ?

ಉತ್ತರ: ನಕಲಿಯಾಗಿಲ್ಲ, ವಾಯಿದೆ ಮುಗಿದಿದೆ. ಆ್ಯಪಲ್ ಇನ್‌ಸ್ಟಾಲರ್‌ಗೆ ಹಾಕಿದ್ದ ಸಹಿಯ ಸರ್ಟಿಫಿಕೇಟ್ 2019ರ ಅಕ್ಟೋಬರ್ 24ಕ್ಕೆ ಮುಗಿಯಿತು. ಅದಕ್ಕೆ ಮುಂಚೆ ಇಳಿಸಿಟ್ಟ ಹಲವು ಇನ್‌ಸ್ಟಾಲರ್‌ಗಳು ಆವತ್ತಿಂದ ಹೀಗೇ ಹೇಳುತ್ತವೆ. ಆ್ಯಪಲ್ ಹೊಸ ಸಹಿ ಹಾಕಿ ಮತ್ತೆ ಬಿಟ್ಟಿದೆ. ಅವರ ಸಪೋರ್ಟ್ ಪುಟದಲ್ಲಿ ಯೋಸೆಮಿಟಿ, ಎಲ್ ಕ್ಯಾಪಿಟನ್, ಸಿಯೆರಾ ಆವೃತ್ತಿಗಳು ನೇರವಾಗಿ ಡಿಎಂಜಿ (ಮ್ಯಾಕ್‌ನ ಐಎಸ್‌ಒ ಇದ್ದಂತೆ) ಫೈಲಾಗಿ ಸಿಗುತ್ತವೆ. ಅದನ್ನು ತೆರೆದು ಒಳಗಿನ ಪ್ಯಾಕೇಜನ್ನು ಡಬಲ್ ಕ್ಲಿಕ್ ಮಾಡಿದಾಗ ಕಿಟಕಿಯ ಬಲ ಮೇಲ್ತುದಿಯಲ್ಲಿ ಸಣ್ಣ ಬೀಗದ ಗುರುತು ಕಾಣುತ್ತದೆ. ಅದನ್ನು ಒತ್ತಿದರೆ ಸಹಿ ಯಾರದ್ದು ಅಂತ ತೋರಿಸುತ್ತದೆ.

ಕಂಪ್ಯೂಟರ್‌ನ ತಾರೀಖನ್ನು ಹಿಂದಕ್ಕೆ ಇಟ್ಟರೆ ಹಳೇ ಇನ್‌ಸ್ಟಾಲರ್ ಕೂಡ ಓಡುತ್ತದೆ ಅಂತ ಹೇಳಿಕೊಡುವವರಿದ್ದಾರೆ. ಓಡುವುದು ಹೌದು. ನೀವೇ ಆ್ಯಪಲ್‌ನಿಂದ ಇಳಿಸಿದ ಫೈಲಾದರೆ ತೊಂದರೆ ಇಲ್ಲ. ಯಾರೋ ಕೊಟ್ಟಿದ್ದಕ್ಕೆ ಹಾಗೆ ಮಾಡಬೇಡಿ.

ಪ್ರಶ್ನೆ: ಹೊಸನಗರ ತಾಲ್ಲೂಕಿನವನು. ಹಳೇ 32 ಬಿಟ್ ಲ್ಯಾಪ್‌ಟಾಪ್‌ಗೆ ಉಬುಂಟು 16.04 (ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಬೇಕಿತ್ತು. ಕರೆಂಟು ಹೋಗುತ್ತಾ ಬರುತ್ತಾ, ನೆಟ್ ಕಡಿದು ಕಡಿದು, ಅಂತೂ ಎರಡು ಸಲ ಇಳಿಸಿದೆ. ಎರಡು ಸಲವೂ ಹ್ಯಾಶ್ ತಾಳೆಯಾಗಲಿಲ್ಲ. ಯಾರಾದರೂ ಹ್ಯಾಕ್ ಮಾಡಿದ್ದಾರಾ?

ಉತ್ತರ: ಎರಡು ಸಲ ಬಂದ ತಪ್ಪು ಹ್ಯಾಶ್‌ಗಳು ಒಂದೇನಾ, ಬೇರೆ ಬೇರೆನಾ ನೋಡಿ. ಬೇರೆ ಬೇರೆಯಾಗಿದ್ದರೆ ಹೆಚ್ಚಾಗಿ ಡೌನ್‌ಲೋಡ್ ಅರ್ಧಕ್ಕೆ ನಿಂತಿದ್ದು ಅಥವಾ ಕೆಟ್ಟಿದ್ದು. ಫೈಲಿನ ಗಾತ್ರ ಕಡಿಮೆ ಇದ್ದರೆ ಅಲ್ಲಿಗೇ ಗೊತ್ತಾಯಿತು. ಎರಡು ಸಲವೂ ಅದೇ ತಪ್ಪು ಹ್ಯಾಶ್ ಬಂದಿದ್ದರೆ ಆ ಸೈಟಿನಲ್ಲಿರುವ ಫೈಲೇ ಬೇರೆ, ಅಥವಾ ನೀವು 64 ಬಿಟ್‌ನ ಹ್ಯಾಶ್ ಜೊತೆ ತಾಳೆ ನೋಡುತ್ತಿದ್ದೀರಿ.

ನಿಮ್ಮ ಕಡೆಯ ನೆಟ್‌ಗೆ ಟೊರೆಂಟ್ ಒಳ್ಳೆಯದು. ತುಂಡು ತುಂಡಾಗಿ ಇಳಿಸಿ, ಪ್ರತಿ ತುಂಡಿನ ಹ್ಯಾಶ್ ತಾನೇ ನೋಡಿ, ಕೆಟ್ಟದ್ದನ್ನು ಮತ್ತೆ ತರಿಸಿಕೊಳ್ಳುತ್ತದೆ. ಟೊರೆಂಟ್ ಫೈಲನ್ನು ಮಾತ್ರ ಉಬುಂಟು ಸೈಟಿನಿಂದಲೇ ತೆಗೆದುಕೊಳ್ಳಿ.

ಹ್ಯಾಕ್ ಆಗುವುದೇ ಇಲ್ಲ ಅಂತಲ್ಲ. 2016ರ ಫೆಬ್ರುವರಿ 20ರಂದು ಉಬುಂಟುವಿನಂಥದ್ದೇ ಇನ್ನೊಂದಾದ ಲಿನಕ್ಸ್ ಮಿಂಟ್‌ನ ಸೈಟಿಗೇ ನುಗ್ಗಿ, 17.3 ಸಿನಮನ್ ಆವೃತ್ತಿಯ ಲಿಂಕನ್ನು ಕಳ್ಳಬಾಗಿಲಿದ್ದ ಐಎಸ್‌ಒ ಕಡೆ ತಿರುಗಿಸಿದ್ದರು. ಸೈಟಿಗೆ ನುಗ್ಗಿದವನು ಅಲ್ಲಿರುವ ಹ್ಯಾಶನ್ನೂ ಬದಲಿಸಬಹುದು. ಉಬುಂಟು ಹ್ಯಾಶ್ ಪಟ್ಟಿಗೆ ಬೇರೆಯಾಗಿ ಜಿಪಿಜಿ ಸಹಿ (ಉಬುಂಟುವಿನವರ ಗುಟ್ಟಿನ ಕೀ ಇಲ್ಲದೆ ಹಾಕಲಾಗದ ಡಿಜಿಟಲ್ ಸಹಿ) ಹಾಕುವುದು ಅದಕ್ಕೇ. ಸಹಿ ಪರೀಕ್ಷಿಸಿದಾಗ 'ಗುಡ್ ಸಿಗ್ನೇಚರ್' ಅಂತ ಬಂದು, ಕೆಳಗೆ 'ಈ ಕೀ ನಂಬಿಕೆಯದ್ದು ಅಂತ ಗೊತ್ತಿಲ್ಲ' ಎಂಬರ್ಥದ ಎಚ್ಚರಿಕೆಯೂ ಬರುತ್ತದೆ. ಹೆದರಬೇಡಿ, ಮೊದಲ ಸಲ ಎಲ್ಲರಿಗೂ ಬರುವಂಥದ್ದು. ಕೀಯ ಫಿಂಗರ್‌ಪ್ರಿಂಟ್ (ಕೀಯನ್ನು ಗುರುತಿಸುವ ಉದ್ದದ ಸಂಖ್ಯೆ) ಉಬುಂಟು ಹೇಳಿದ್ದಕ್ಕೆ ಸರಿಹೊಂದಿದರೆ ಆಯಿತು.

ಒಂದೇ ಫೈಲಿಗೆ, ಮತ್ತೆ ಇಳಿಸದೆ ಸುಮ್ನೆ ಎರಡು ಸಲ ಹ್ಯಾಶ್ ತೆಗೆದಾಗಲೂ ಬೇರೆ ಬೇರೆ ಬಂದರೆ ತಪ್ಪು ನೆಟ್‌ದೂ ಅಲ್ಲ, ಸೈಟಿನದ್ದೂ ಅಲ್ಲ. ರ‍್ಯಾಮ್ ಅಥವಾ ಡಿಸ್ಕ್ ಹೋಗುತ್ತಿದೆ. ಆಗ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಹಾಕಿ ರಾತ್ರಿಯಿಡೀ ಬಿಡಿ, ಕರೆಂಟು ಇದ್ದರೆ.