ಜ್ಯೂರಿಯವರ ಜೇಬಿನ ಮೊಬೈಲು

ದಾವಣಗೆರೆಯ ವಿದ್ಯಾನಗರದ ಓದುಗರೊಬ್ಬರು ಕೇಳಿದ್ದಾರೆ: ‘ಇಂಗ್ಲೆಂಡಿನಲ್ಲಿ ಈಗಲೂ 12 ಜನ ಸಾಮಾನ್ಯರು ಜ್ಯೂರಿಯಾಗಿ ಕೂತು ಕೊಲೆ ಕೇಸು ತೀರ್ಮಾನಿಸುತ್ತಾರಂತೆ. ಎಲ್ಲರ ಜೇಬಿನಲ್ಲೂ ಮೊಬೈಲಿರುವಾಗ ಅವರು ಯಾರ ಮಾತಿಗೂ ವಾಲದೆ ಇರುವುದು ಹೇಗೆ? ನಾನಾವತಿ ಕೇಸಿನ ದೆಸೆಯಿಂದ ನಮ್ಮಲ್ಲಿ ಜ್ಯೂರಿ ಹೋಗಿದ್ದೇ ಒಳ್ಳೆಯದಾಯಿತಲ್ಲವೇ?’

ಕೊನೆಯ ಪ್ರಶ್ನೆ ಮೊದಲು. ನೌಕಾಪಡೆಯ ಅಧಿಕಾರಿ ನಾನಾವತಿ ಹೆಂಡತಿಯ ಪ್ರಿಯಕರನನ್ನು ಗುಂಡು ಹಾರಿಸಿ ಕೊಂದಿದ್ದು 1959ರಲ್ಲಿ. ಜ್ಯೂರಿ ಪದ್ಧತಿ ಬೇಡವೆಂದು ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಹೇಳಿದ್ದು ಅದರ ಹಿಂದಿನ ವರ್ಷವೇ. ಮುಂಬಯಿಯ ಆ ಜ್ಯೂರಿ 8–1ರಿಂದ ‘ತಪ್ಪಿತಸ್ಥನಲ್ಲ’ ಎಂದಾಗ ಸೆಷನ್ಸ್ ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಶಿಕ್ಷೆಯಾಯಿತು. ಪತ್ರಿಕೆಗಳ ಅಬ್ಬರ ಎಲ್ಲರಿಗೂ ನೆನಪಿದೆ. ಆದರೆ ನ್ಯಾಯಾಧೀಶರು ಜ್ಯೂರಿಗೆ ಕಾನೂನು ತಿಳಿಸಿಹೇಳಿದ ರೀತಿಯಲ್ಲೇ ಲೋಪಗಳಿದ್ದವೆಂಬುದನ್ನು 1961ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತ್ತು. ಅದು ಯಾರ ಬಾಯಲ್ಲೂ ಬರುವುದಿಲ್ಲ.

ಮೊಬೈಲಿನ ಕಾಲದಲ್ಲೂ ಜ್ಯೂರಿ ಉಳಿಯುವುದು, ಕೆಡುವುದು ಆ ತಿಳಿಸಿಹೇಳುವಿಕೆಯಲ್ಲೇ. ಇಂಗ್ಲೆಂಡಿನ ಲೂಟನ್‌ನಲ್ಲಿ ನಡೆದ ಒಂದು ಹಲ್ಲೆ ಕೇಸು ನೋಡಿ. ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ ಎಂದು ಕೋರ್ಟು ಎಚ್ಚರಿಸಿತ್ತು. ಜ್ಯೂರಿಯಲ್ಲಿದ್ದ ಉಪನ್ಯಾಸಕಿ, ತಾನು ಹುಡುಕಹೊರಟಿದ್ದು ಕಾನೂನಿನ ಒಂದು ಪದದ ಅರ್ಥವನ್ನಷ್ಟೇ ಎಂದರು. ಸಿಕ್ಕಿದ್ದು ಆರೋಪಿಯ ಮೇಲೆ ಹಿಂದೊಮ್ಮೆ ಬಂದಿದ್ದ, ಆತ ಖುಲಾಸೆಯೂ ಆಗಿದ್ದ ಅತ್ಯಾಚಾರ ಆರೋಪದ ಸುದ್ದಿ. ಅದನ್ನು ಉಳಿದವರಿಗೆ ಹೇಳಿದರು. ವಿಚಾರಣೆ ನಿಂತಿತು. 2012ರಲ್ಲಿ ಆಕೆಗೆ 6 ತಿಂಗಳ ಜೈಲು.

ಆ ಸುದ್ದಿ ಸುಳ್ಳಾಗಿರಲಿಲ್ಲ. ಆದರೆ ಕೋರ್ಟಿನೊಳಗೆ ಬಾರದ ಮಾಹಿತಿಗೆ ಪಾಟೀಸವಾಲು ಹಾಕುವವರಿಲ್ಲ. ತನ್ನ ಮೇಲೆ ಏನು ಕೆಲಸ ಮಾಡುತ್ತಿದೆ ಎಂಬುದೇ ಆರೋಪಿಗೆ ಗೊತ್ತಾಗುವುದಿಲ್ಲ. ಈ ಕಾರಣವನ್ನು ಹೇಳದೆ ಬರೀ ‘ಬೇಡ’ ಎಂದರೆ, ಸತ್ಯ ತಿಳಿಯಬೇಕೆಂಬ ಒಳ್ಳೆಯ ಮನಸ್ಸಿನವರೇ ಮೊದಲು ಹುಡುಕುತ್ತಾರೆ. ಆದ್ದರಿಂದ ಸೂಚನೆ ಬಿಡಿಬಿಡಿಯಾಗಿರಬೇಕು: ಆರೋಪಿ, ಸಾಕ್ಷಿ, ವಕೀಲರ ಹೆಸರು ಹುಡುಕಬೇಡಿ, ಘಟನೆ ನಡೆದ ಬೀದಿಯನ್ನು ಮ್ಯಾಪಿನಲ್ಲಿ ನೋಡಬೇಡಿ, ಕೇಸಿಗೆ ಸೇರಿದವರ ಫ್ರೆಂಡ್ ರಿಕ್ವೆಸ್ಟ್ ಒಪ್ಪಬೇಡಿ, ವಾಟ್ಸ್‌ಆ್ಯಪ್ ಗುಂಪಿನಲ್ಲಾಗಲಿ ಎಐ ಚಾಟ್‌ಬಾಟಿನಲ್ಲಾಗಲಿ ಕೇಸಿನ ಮಾತೆತ್ತಬೇಡಿ. ಮೊದಲ ದಿನ ಒಮ್ಮೆ ಹೇಳಿದರೆ ಸಾಲದು. ಪ್ರತಿ ಸಂಜೆ ಮನೆಗೆ ಕಳಿಸುವಾಗಲೂ ಹೇಳಬೇಕು, ಏಕೆಂದರೆ ಎಡವುವುದು ಮನೆಯಲ್ಲೇ. ಜೊತೆಗೆ ಕೇಳುವ ದಾರಿಯೂ ತೆರೆದಿರಬೇಕು: ಚೀಟಿ ಬರೆದು ನ್ಯಾಯಾಧೀಶರಿಗೆ ಕೊಟ್ಟರೆ, ಎರಡೂ ಕಡೆಯ ವಕೀಲರ ಎದುರು ಉತ್ತರ ಬರುತ್ತದೆ.

ಶಿಕ್ಷೆಯೂ ಬೇಕು, ಇಲ್ಲವೆನ್ನುವುದಿಲ್ಲ. 2015ರ ಕಾಯ್ದೆಯಿಂದ ಅಲ್ಲಿ ಜ್ಯೂರಿಯವರು ಕೇಸಿನ ಬಗ್ಗೆ ಸ್ವಂತ ಹುಡುಕಾಟ ನಡೆಸುವುದು ಅಪರಾಧ. ಗರಿಷ್ಠ 2 ವರ್ಷ. ಆದರೆ ಸಹಸದಸ್ಯರು ತಪ್ಪನ್ನು ಕಂಡ ತಕ್ಷಣ ತಿಳಿಸುವುದು ಅದಕ್ಕಿಂತ ಮುಖ್ಯ. ತೀರ್ಪು ಬಂದ ಮೇಲೆ ಜ್ಯೂರಿ ಕೋಣೆಯ ಗುಟ್ಟನ್ನು ಕೆದಕಲು ಕಾನೂನು ಸುಲಭಕ್ಕೆ ಬಿಡುವುದಿಲ್ಲ. ಮೊದಲೇ ತಿಳಿದರೆ ಒಬ್ಬರನ್ನು ಕಳಿಸಿ ಮುಂದುವರಿಯಬಹುದು. 9 ಜನರಿಗಿಂತ ಕಡಿಮೆಯಾಗಬಾರದು, ಅಷ್ಟೇ. ವಿಷಯ ಎಲ್ಲರ ಕಿವಿಗೂ ಬಿದ್ದಿದ್ದರೆ ಇಡೀ ಜ್ಯೂರಿಯನ್ನೇ ಬಿಟ್ಟು ಹೊಸದಾಗಿ ಆರಂಭಿಸಬೇಕಾಗಬಹುದು.

ಇನ್ನು ನಮ್ಮ ಕಡೆಗೆ. ಇಲ್ಲಿನ ಸೆಷನ್ಸ್ ನ್ಯಾಯಾಧೀಶರು ಕಾರಣ ಬರೆದು ತೀರ್ಪು ಕೊಡುತ್ತಾರೆ, ಹೈಕೋರ್ಟು ಆ ಕಾರಣಗಳನ್ನು ಒರೆಗೆ ಹಚ್ಚುತ್ತದೆ. ಅಷ್ಟರಮಟ್ಟಿಗೆ ರಕ್ಷಣೆಯಿದೆ. ಸಾಕ್ಷಿಗಳಿಗೆ ಅದಿಲ್ಲ. ಗುರುತು ಪತ್ತೆ ಪರೇಡ್‌ನಲ್ಲಿ, ಅಂದರೆ ಹಲವರ ಸಾಲಿನಲ್ಲಿ ಆರೋಪಿಯನ್ನೂ ನಿಲ್ಲಿಸಿದಾಗ, ಸಾಕ್ಷಿಯು ಅವನನ್ನು ಘಟನೆಯ ನೆನಪಿನಿಂದಲೇ ಗುರುತಿಸಬೇಕು. ಬಂಧಿಸಿ ಕರೆತರುವಾಗ ಮುಖ ಮುಚ್ಚುವುದು ಅದಕ್ಕೇ. ಆ ಮುಖದ ಫೋಟೊ ಅಷ್ಟರಲ್ಲೇ ದಾವಣಗೆರೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಿದ್ದರೆ ‘ನೀವು ಗುರುತಿಸಿದ್ದು ಮೊಬೈಲಿನಲ್ಲಿ ಕಂಡವನನ್ನಲ್ಲವೇ?’ ಎಂದು ಆರೋಪಿ ಪರ ವಕೀಲರು ಕೇಳುತ್ತಾರೆ, ಕೇಳಲೇಬೇಕು. ನಿಜವಾದ ಅಪರಾಧಿ ಆ ಒಂದು ಪ್ರಶ್ನೆಯಿಂದಲೇ ತಪ್ಪಿಸಿಕೊಳ್ಳಬಹುದು. ಅಮಾಯಕನೊಬ್ಬ ಆ ಒಂದು ಫೋಟೊದಿಂದಲೇ ಸಿಕ್ಕಿಬೀಳಬಹುದು. ಅಂಥ ಫೋಟೊ ನಿಮ್ಮ ಗುಂಪಿಗೆ ಬಂದರೆ ಮುಂದೆ ಕಳಿಸಬೇಡಿ. ನೀವೇ ಆ ಕೇಸಿನ ಸಾಕ್ಷಿಯಾಗಿದ್ದು ಫೋಟೊ ಕಣ್ಣಿಗೆ ಬಿದ್ದಿದ್ದರೆ, ಪರೇಡಿಗೆ ಮುಂಚೆಯೇ ಅದನ್ನು ತನಿಖಾಧಿಕಾರಿಗೆ ಬರೆದುಕೊಡಿ.

– ಸಂಪಾದಕ