ಪ್ರೊಪೆಲರ್ ಶಾಫ್ಟ್ ಬೋಲ್ಟಿನ ಮೂಲೆ ಸವೆದು ಸ್ಪ್ಯಾನರ್ ಜಾರುತ್ತಿದೆ, ಬಿಚ್ಚೋದು ಹೇಗೆ?

ಮೊದಲು ಚಕ್ರಗಳಿಗೆ ಕಲ್ಲು ಕೊಡಿ. ಗೇರ್‌ಬಾಕ್ಸಿನಿಂದ ಚಕ್ರದ ಕಡೆಗೆ ಶಕ್ತಿ ಒಯ್ಯೋದು ಈ ಶಾಫ್ಟೇ, ಇದನ್ನು ಕಳಚಿದ ಮೇಲೆ ಗಾಡಿ ಗೇರಿನಲ್ಲಿದ್ದರೂ ಉರುಳುತ್ತದೆ, ತುಂಬಾ ಜನ ಇದನ್ನು ಮರೆಯುತ್ತಾರೆ. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಇಡಿ.

ಈ ಬೋಲ್ಟುಗಳ ತಲೆ ಜಾಸ್ತಿ ಹಾಳಾಗೋದು ಸಡಿಲವಾದ 12 ಮೂಲೆಯ ರಿಂಗ್ ಸ್ಪ್ಯಾನರಿನಿಂದ. ತಂತಿ ಬ್ರಷ್‌ನಲ್ಲಿ ಮಣ್ಣು, ತುಕ್ಕು ಉಜ್ಜಿ ತೆಗೆಯಿರಿ. ಥ್ರೆಡ್ಡಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಆಮೇಲೆ 6 ಮೂಲೆಯ ಸಾಕೆಟ್ ಹಾಕಿ ನೋಡಿ. ಅದೂ ಜಾರಿದರೆ ಒಂದು ಸೈಜ್ ಚಿಕ್ಕದು, ಅಂದರೆ 14ರ ತಲೆಗೆ 13ರ ಹಳೇ ಸಾಕೆಟ್ ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸಿ. ಏಟು ಯುಜೆ (ಶಾಫ್ಟಿನ ತುದಿಯ ಯೂನಿವರ್ಸಲ್ ಜಾಯಿಂಟ್) ಕಪ್ಪಿಗೆ ಬೀಳದಿರಲಿ, ಒಳಗಿರೋದು ಸೂಜಿ ಬೇರಿಂಗ್.

ಅದಕ್ಕೂ ಬಗ್ಗಲಿಲ್ವಾ? ತಲೆಯ ಮೇಲೆ ನಟ್ ಇಟ್ಟು, ಅದರ ತೂತಿನೊಳಗಿಂದ ವೆಲ್ಡ್ ಮಾಡಿಸಿ. ಆ ಬಿಸಿಗೇ ಅರ್ಧ ತುಕ್ಕು ಬಿಡುತ್ತದೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ವಯರ್ ಬಿಚ್ಚಿಡಿ. ಹಿಂದೆ ನಟ್ ಇರುವ ಬೋಲ್ಟಾದರೆ ಇಷ್ಟೆಲ್ಲ ಯಾಕೆ, ಸುಮ್ನೆ ಗ್ರೈಂಡರಿನಲ್ಲಿ ತಲೆ ಕತ್ತರಿಸಿ. ನನಗಂತೂ ಇದೇ ಸಲೀಸು.

ಹೊಸ ಬೋಲ್ಟ್ ಅದೇ ಗ್ರೇಡಿನದ್ದೇ (ತಲೆಯ ಮೇಲಿರುವ ಗಟ್ಟಿತನದ ನಂಬರ್) ಇರಲಿ. 10.9 ಇದ್ದ ಜಾಗಕ್ಕೆ 8.8 ಹಾಕಬೇಡಿ.